ನಾಲ್ಕು ಬಾರದ ಸಾಲು

1, 11, 21, 1211, 111221. ಮುಂದಿನದು ಯಾವುದು?

ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈ ಪ್ರಶ್ನೆ ಆಗಾಗ ಸುತ್ತು ಹೊಡೆಯುತ್ತಿರುತ್ತದೆ. 'ಬುದ್ಧಿವಂತರಿಗೆ ಮಾತ್ರ' ಎಂಬ ಸವಾಲು ಬೇರೆ. ವಿಚಿತ್ರವೆಂದರೆ ಇಲ್ಲಿ ಹೆಚ್ಚು ಒದ್ದಾಡುವವರು ಲೆಕ್ಕ ಬಲ್ಲವರೇ. ಕೂಡುತ್ತಾರೆ, ಕಳೆಯುತ್ತಾರೆ, ವ್ಯತ್ಯಾಸಗಳ ವ್ಯತ್ಯಾಸ ತೆಗೆಯುತ್ತಾರೆ, ಯಾವುದೂ ತಾಳೆಯಾಗುವುದಿಲ್ಲ. ಇಲ್ಲಿ ಕೂಡುವ ಕಳೆಯುವ ಕೆಲಸವೇ ಇಲ್ಲ. ಕಣ್ಣಿಗೆ ಕಂಡದ್ದನ್ನು ಬಾಯಿಬಿಟ್ಟು ಹೇಳಿದರೆ ಸಾಕು. ಮೊದಲ ಸಾಲಿನಲ್ಲಿ ಏನಿದೆ? ಒಂದು '1'. ಹಾಗಾದರೆ ಎರಡನೆಯ ಸಾಲು 11. ಅದರಲ್ಲಿ ಏನಿದೆ? ಎರಡು '1'. ಬರೆಯಿರಿ, 21. ಈಗ ಒಂದು '2', ಒಂದು '1': 1211. ಹೀಗೇ ಸಾಗಿ 111221ಕ್ಕೆ ಬಂದಾಗ ಮೂರು '1', ಎರಡು '2', ಒಂದು '1' ಕಾಣುತ್ತವೆ. ಉತ್ತರ 312211.

ಗಣಿತದವರು ಇದನ್ನು 'ನೋಡು-ಹೇಳು' ಶ್ರೇಣಿ ಎನ್ನುತ್ತಾರೆ. ಮಾರಿಸ್ ಶ್ರೇಣಿ ಎಂದೂ ಹೆಸರಿದೆ. ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿ ಬರ್ಕ್ಲಿಯ ಕಂಪ್ಯೂಟರ್ ಲೆಕ್ಕದಲ್ಲಿ 75 ಸೆಂಟ್ಸ್ ಹೊಂದಾಣಿಕೆಯಾಗದ್ದನ್ನು ಹಿಡಿದುಕೊಂಡು ಹೋಗಿ ಬೇಹುಗಾರರನ್ನೇ ಪತ್ತೆಮಾಡಿದ ಕಥೆಯನ್ನು 1989ರಲ್ಲಿ 'ದಿ ಕುಕೂಸ್ ಎಗ್' ಎಂಬ ಪುಸ್ತಕದಲ್ಲಿ ಬರೆದರು. ಅದರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಗೂಢಲಿಪಿ ತಜ್ಞ ರಾಬರ್ಟ್ ಮಾರಿಸ್ ಅವರು ಸ್ಟೋಲ್ ಮುಂದಿಡುವ ಒಗಟು ಇದೇ. ಒಗಟಿಗೆ ಹೆಸರು ಅಂಟಿಕೊಂಡದ್ದು ಹಾಗೆ.

ಇಂಥ ಅಂಕಿಯಾಟಗಳ ಬಗ್ಗೆ ದೊಡ್ಡ ಗಣಿತಜ್ಞರಿಗೆ ಅಷ್ಟೇನೂ ಗೌರವವಿಲ್ಲ. ರಾಮಾನುಜನ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಜಿ.ಎಚ್. ಹಾರ್ಡಿ 1940ರಲ್ಲಿ ಪ್ರಕಟಿಸಿದ 'ಎ ಮ್ಯಾಥಮೆಟಿಷಿಯನ್ಸ್ ಅಪಾಲಜಿ' ಪುಸ್ತಕದಲ್ಲಿ ಉದಾಹರಣೆ ಸಮೇತ ಇವನ್ನು ತಳ್ಳಿಹಾಕಿದ್ದಾರೆ. 8712 ಎಂಬುದು 2178ರ ನಾಲ್ಕರಷ್ಟು, 9801 ಎಂಬುದು 1089ರ ಒಂಬತ್ತರಷ್ಟು. ಹಿಂದುಮುಂದಾಗಿ ಬರೆದ ತಮ್ಮದೇ ರೂಪದ ಅಪವರ್ತ್ಯವಾಗಿರುವ ನಾಲ್ಕಂಕಿಯ ಸಂಖ್ಯೆಗಳು ಇವೆರಡೇ. ಪತ್ರಿಕೆಯ ಪದಬಂಧದ ಪಕ್ಕದಲ್ಲಿ ಹಾಕಲು ಇದು ಚೆಂದ, ಗಣಿತಜ್ಞನಿಗೆ ಇದರಲ್ಲಿ ಹಿಡಿಸುವಂಥದ್ದು ಏನೂ ಇಲ್ಲ ಎಂಬುದು ಹಾರ್ಡಿಯ ತೀರ್ಮಾನದ ಸಾರ. ಅವರ ತಕರಾರಿನಲ್ಲಿ ಹುರುಳಿದೆ. ನಮ್ಮ ಕೈಗೆ ಹತ್ತು ಬೆರಳು, ಅದಕ್ಕೇ ದಶಮಾನ ಪದ್ಧತಿ. ಎಂಟು ಬೆರಳಿನವರಿಗೆ 8712ರ ಚಮತ್ಕಾರ ಕಾಣಿಸುವುದೇ ಇಲ್ಲ. ಅಂಕಿ ಎಂದರೆ ಸಂಖ್ಯೆಯ ಅಂಗಿ ಮಾತ್ರ.

ಈ ತಾತ್ಸಾರದ ಬಿಸಿ ನಮ್ಮ ದೇಶದಲ್ಲಿ ತಟ್ಟಿದ್ದು ನಾಸಿಕ್ ಬಳಿಯ ದೇವಳಾಲಿಯ ಶಾಲಾ ಮೇಷ್ಟ್ರು ಡಿ.ಆರ್. ಕಾಪ್ರೇಕರ್ ಅವರಿಗೆ. ಎಲ್ಲ ಅಂಕಿಯೂ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆಯ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದ್ದನ್ನು ಕಳೆಯುತ್ತಾ ಹೋದರೆ ಕೊನೆಗೆ 6174ಕ್ಕೇ ಬಂದು ನಿಲ್ಲುತ್ತದೆ ಎಂಬ ವಿಶೇಷವನ್ನು ಕಂಡುಕೊಂಡವರು ಅವರು. ಇಲ್ಲಿಯ ಪಂಡಿತರು ಅವರನ್ನು ಗಂಭೀರವಾಗಿ ತೆಗೆದುಕೊಂಡದ್ದು ಕಡಿಮೆ. 1975ರ ಮಾರ್ಚ್‌ನಲ್ಲಿ ಮಾರ್ಟಿನ್ ಗಾರ್ಡ್ನರ್ 'ಸೈಂಟಿಫಿಕ್ ಅಮೆರಿಕನ್' ಅಂಕಣದಲ್ಲಿ ಬರೆದ ಮೇಲೆ ಹೊರಗಿನವರಿಗೆ ಅವರ ಹೆಸರು ತಿಳಿಯಿತು. ಕಾಪ್ರೇಕರ್ ಬಗ್ಗೆ ನನಗೆ ಗೌರವವಿದೆ. ಆದರೂ ಹಾರ್ಡಿಯ ತಕರಾರು 6174ಕ್ಕೆ ಅನ್ವಯಿಸುತ್ತದೆ ಎಂದು ಒಪ್ಪಲೇಬೇಕು. ಹತ್ತರ ಪದ್ಧತಿ ಬಿಟ್ಟರೆ 6174ಕ್ಕೆ ಆ ಮಹತ್ವ ಉಳಿಯುವುದಿಲ್ಲ.

ತನ್ನನ್ನು ತಾನೇ ವರ್ಣಿಸಿಕೊಳ್ಳುವ ಶ್ರೇಣಿಗಳ ಮಾತು ಬೇರೆ. ಅವು ಅಂಕಿಗಳಿಂದಲೇ ಹುಟ್ಟಿದರೂ ಹಾರ್ಡಿಯ ಬಲೆಯಿಂದ ನುಣುಚಿಕೊಳ್ಳುತ್ತವೆ. ಹೇಗೆಂದು ನೋಡಲು ಮೊದಲ ಸಾಲಿಗೇ ಹಿಂತಿರುಗೋಣ.

ಆ ಸಾಲನ್ನು ಎಷ್ಟು ಬೆಳೆಸಿದರೂ 4 ಎಂಬ ಅಂಕಿ ಬರುವುದೇ ಇಲ್ಲ. ಕೋಟಿ ಸಾಲು ಬರೆದರೂ ಬರೀ 1, 2, 3. ಯಾಕೆ? 4 ಬರಬೇಕಾದರೆ ಅದರ ಹಿಂದಿನ ಸಾಲಿನಲ್ಲಿ ಒಂದೇ ಅಂಕಿ ನಾಲ್ಕು ಸಲ ಒತ್ತಾಗಿ ಬಂದಿರಬೇಕು, 1111 ಎಂದಿಟ್ಟುಕೊಳ್ಳಿ. ಆದರೆ ಆ ಹಿಂದಿನ ಸಾಲು ಕೂಡ ಇನ್ನೊಂದು ಸಾಲಿನ ವರ್ಣನೆಯೇ. ಅದನ್ನು ಜೋಡಿ ಜೋಡಿಯಾಗಿ ಓದಬೇಕು: ಎಷ್ಟು, ಯಾವುದು, ಎಷ್ಟು, ಯಾವುದು. 1111 ಎಂಬುದನ್ನು 11-11 ಎಂದು ಒಡೆದರೆ 'ಒಂದು 1, ಆಮೇಲೆ ಒಂದು 1' ಎಂದಾಗುತ್ತದೆ. ಹಾಗೆ ಯಾರು ಹೇಳುತ್ತಾರೆ? ಎರಡೂ ಪಕ್ಕಪಕ್ಕದಲ್ಲಿದ್ದ ಮೇಲೆ 'ಎರಡು 1' ಎಂದು ಒಟ್ಟಿಗೆ ಎಣಿಸಿ 21 ಬರೆದಿರುತ್ತಿದ್ದೆವು. ಜೋಡಿಗಳು ಒಂದು ಸ್ಥಾನ ಸರಿದಿದ್ದರೆ, ಅಂದರೆ ಮೊದಲ 1 ಹಿಂದಿನ ಜೋಡಿಗೆ ಸೇರಿದ್ದರೆ, 'ಇಷ್ಟು 1, ಆಮೇಲೆ ಒಂದು 1' ಎಂದಾಗುತ್ತದೆ. ಮತ್ತೆ ಅದೇ ತೊಡಕು. 2222, 3333 ಎಲ್ಲಕ್ಕೂ ಇದೇ ವಾದ. ನಾಲ್ಕು ಒಂದೇ ಬಗೆಯ ಅಂಕಿ ಒಟ್ಟಿಗೆ ಬರಲು ಸಾಧ್ಯವೇ ಇಲ್ಲ, ಆದ್ದರಿಂದ ಮುಂದಿನ ಸಾಲಿನಲ್ಲಿ 4 ಇಲ್ಲ.

ಹಾರ್ಡಿಗೆ ಉತ್ತರ ಇಲ್ಲೇ ಇದೆ. 1, 2, 3ಕ್ಕಿಂತ ಹೆಚ್ಚಿನ ಅಂಕಿ ಬೇಕಿಲ್ಲದಿದ್ದರೆ ಹತ್ತರ ಪದ್ಧತಿಯ ಹಂಗೂ ಇಲ್ಲ. ನಾಲ್ಕರ ಪದ್ಧತಿ, ಎಂಟರ ಪದ್ಧತಿ, ಹದಿನಾರರ ಪದ್ಧತಿ, ಯಾವುದರಲ್ಲಿ ಬರೆದರೂ ಈ ಸಾಲು ಅಕ್ಷರಶಃ ಇದೇ. ಎಂಟು ಬೆರಳಿನವರೂ ಇದನ್ನೇ ಬರೆಯುತ್ತಾರೆ.

ಇದರ ಒಳಗುಟ್ಟು ಬಿಡಿಸಿದವರು ಕೇಂಬ್ರಿಜ್‌ನ ಜಾನ್ ಹಾರ್ಟನ್ ಕಾನ್ವೇ. ಒಬ್ಬ ವಿದ್ಯಾರ್ಥಿ ಈ ಒಗಟು ತಂದು ಮುಂದಿಟ್ಟಾಗ ಅವರಿಗೂ ಉತ್ತರ ಹೊಳೆಯಲಿಲ್ಲ. ಉತ್ತರ ಗೊತ್ತಾದ ಮೇಲೆ ಮಾತ್ರ ಅವರು ಬಿಡಲಿಲ್ಲ. 1986ರಲ್ಲಿ ಕೇಂಬ್ರಿಜ್ ವಿದ್ಯಾರ್ಥಿಗಳ ಗಣಿತ ಪತ್ರಿಕೆ 'ಯುರೇಕಾ'ದಲ್ಲಿ ಅವರು ಪ್ರಕಟಿಸಿದ ಲೇಖನ ಓದಿದರೆ ಒಗಟು ಹೋಗಿ ರಸಾಯನಶಾಸ್ತ್ರ ಬಂದಂತಿದೆ.

ಅವರು ಗಮನಿಸಿದ್ದು ಇದು. ಎಂಟನೆಯ ಸಾಲು 1113213211. ಇದನ್ನು 11132 ಮತ್ತು 13211 ಎಂದು ಎರಡು ತುಂಡು ಮಾಡಿ, ಎರಡನ್ನೂ ಬೇರೆಬೇರೆಯಾಗಿ ನೋಡು-ಹೇಳು ಮಾಡುತ್ತಾ ಹೋಗಿ. ಬೇಕೆಂದಾಗ ಮತ್ತೆ ಪಕ್ಕಪಕ್ಕ ಜೋಡಿಸಿದರೆ ಇಡೀ ಸಾಲು ಸರಿಯಾಗಿ ಸಿಗುತ್ತದೆ. ಎಡ ತುಂಡಿನ ಕೊನೆಯ ಅಂಕಿ ಎಂದೆಂದಿಗೂ 2. ಕೊನೆಯ ಗುಂಪಿನ ಅಂಕಿಯೇ ಮುಂದಿನ ಸಾಲಿನ ಕೊನೆಯ ಅಂಕಿಯಾಗುವುದರಿಂದ ಅದು ಬದಲಾಗುವಂತಿಲ್ಲ. ಬಲ ತುಂಡಿನ ಮೊದಲ ಅಂಕಿಯೋ ಒಮ್ಮೆ 1, ಒಮ್ಮೆ 3. ಎಂದೂ 2 ಆಗುವುದಿಲ್ಲ. ಆದ್ದರಿಂದ ಒಂದರ ಎಣಿಕೆಯಲ್ಲಿ ಇನ್ನೊಂದು ತಲೆ ಹಾಕುವುದಿಲ್ಲ. ಹೀಗೆ ಒಡೆಯುತ್ತಾ ಹೋದರೆ, ಇನ್ನು ಒಡೆಯಲಾಗದ ತುಂಡುಗಳು ಒಟ್ಟು 92 ಸಿಗುತ್ತವೆ. ಪ್ರಕೃತಿಯಲ್ಲಿ ಹೈಡ್ರೋಜನ್‌ನಿಂದ ಯುರೇನಿಯಂವರೆಗೆ ಮೂಲಧಾತುಗಳೂ 92. ಕಾನ್ವೇ ಸುಮ್ಮನಿರುತ್ತಾರೆಯೇ? ಆವರ್ತ ಕೋಷ್ಟಕದ ಹೆಸರುಗಳನ್ನೇ ಅವಕ್ಕೆ ಕೊಟ್ಟುಬಿಟ್ಟರು. ಯುರೇನಿಯಂ ಎಂದರೆ ಬರೀ 3. ಅದನ್ನು ನೋಡಿ ಹೇಳಿದರೆ 13, ಅದು ಪ್ರೊಟಾಕ್ಟಿನಿಯಂ. ಮುಂದೆ 1113, ಥೋರಿಯಂ. ಆಮೇಲೆ 3113, ಆಕ್ಟಿನಿಯಂ. ಹೀಗೆ ಮೆಟ್ಟಿಲಿಳಿಯುತ್ತಾ ಕೊನೆಗೆ 22, ಹೈಡ್ರೋಜನ್. 22 ಎಂದರೆ 'ಎರಡು 2'. ಬರೆದರೆ ಮತ್ತೆ 22. ಅದು ಹಂದುವುದೇ ಇಲ್ಲ.

92 ಎಂಬುದು ಕಾಕತಾಳೀಯ, ಅದರಲ್ಲಿ ಸೃಷ್ಟಿರಹಸ್ಯ ಹುಡುಕಬೇಕಿಲ್ಲ. ಆದರೆ ಇದರ ಬೆನ್ನಿಗೇ ಬಂದ 'ವಿಶ್ವವಿಜ್ಞಾನ ಪ್ರಮೇಯ' ಕಾಕತಾಳೀಯವಲ್ಲ. ನೀವು ಎಲ್ಲಿಂದ ಬೇಕಾದರೂ ಶುರುಮಾಡಿ. ನಿಮ್ಮ ಮೊಬೈಲ್ ನಂಬರ್‌ನಿಂದಲೇ ಆಗಲಿ. ಹೆಚ್ಚೆಂದರೆ 24 ಹಂತಗಳಲ್ಲಿ ಆ ಸಾಲು ಒಡೆದು ಈ 92 ತುಂಡುಗಳಿಗೆ ಬಂದು ನಿಲ್ಲುತ್ತದೆ. ಶುರುವಿನಲ್ಲಿ 3ಕ್ಕಿಂತ ದೊಡ್ಡ ಅಂಕಿ ಇದ್ದರೆ ಅವಕ್ಕಾಗಿ ನೆಪ್ಟೂನಿಯಂ, ಪ್ಲುಟೋನಿಯಂ ಎಂಬ ಎರಡು ಬಗೆ ಮಾತ್ರ ಹೆಚ್ಚುವರಿ. ಸಾಲಿನ ಉದ್ದವೂ ಒಂದು ಲಯದಲ್ಲೇ ಬೆಳೆಯುತ್ತದೆ. ಹತ್ತನೆಯ ಸಾಲಿನಲ್ಲಿ 20 ಅಂಕಿ, ಇಪ್ಪತ್ತನೆಯದರಲ್ಲಿ 302, ಮೂವತ್ತನೆಯದರಲ್ಲಿ 4462. ಮುಂದೆ ಹೋದಷ್ಟೂ ಪ್ರತಿ ಸಾಲು ಹಿಂದಿನದರ 1.303577ರಷ್ಟಾಗುತ್ತದೆ. ಈ ಸಂಖ್ಯೆ 71ನೆಯ ಘಾತದ ಒಂದು ಬಹುಪದೋಕ್ತಿ ಸಮೀಕರಣದ ಪರಿಹಾರ. 22ನ್ನು ಬಿಟ್ಟು ಯಾವ ಸಾಲಿನಿಂದ ಹೊರಟರೂ ಬೆಳವಣಿಗೆಯ ದರ ಇದೇ. ಮಕ್ಕಳ ಒಗಟಿನ ಹೊಟ್ಟೆಯಲ್ಲಿ 71ನೆಯ ಘಾತ!

ಆ 'ವಿಶ್ವವಿಜ್ಞಾನ ಪ್ರಮೇಯ'ದ ಸಾಧನೆಯನ್ನು ಕಾನ್ವೇ ಮತ್ತು ಗೆಳೆಯರು ಬರೆದಿಟ್ಟಿದ್ದರಂತೆ, ಹಾಳೆಗಳು ಕಳೆದುಹೋದವು. 1997ರಲ್ಲಿ ಡೊರೋನ್ ಝೈಲ್‌ಬರ್ಗರ್ ಕಂಪ್ಯೂಟರ್ ನೆರವಿನಿಂದ ಹೊಸ ಸಾಧನೆ ಕೊಟ್ಟರು. ತಮ್ಮ ಕಂಪ್ಯೂಟರಿಗೆ ಶಾಲೋಶ್ ಬಿ. ಎಖಾದ್ ಎಂದು ಹೆಸರಿಟ್ಟು ಅದನ್ನೂ ಲೇಖಕರ ಸಾಲಿನಲ್ಲಿ ಸೇರಿಸುವುದು ಅವರ ಪದ್ಧತಿ.

ಕಾನ್ವೇ ತೀರಿಕೊಂಡದ್ದು 2020ರ ಏಪ್ರಿಲ್ 11ರಂದು, ಕೋವಿಡ್‌ನಿಂದ. ಆ ಇಸವಿಯೂ ಅವರ ಆಸಕ್ತಿಗೆ ತಕ್ಕದ್ದೇ ಆಗಿತ್ತು. 2020 ಎಂಬ ಸಂಖ್ಯೆ ತನ್ನ ಆತ್ಮಕಥೆ ತಾನೇ ಹೇಳುತ್ತದೆ. ಮೊದಲ ಅಂಕಿ 'ನನ್ನಲ್ಲಿ ಸೊನ್ನೆ ಎಷ್ಟು' ಎಂಬುದನ್ನು ಹೇಳಬೇಕು, ಎರಡನೆಯದು '1 ಎಷ್ಟು', ಮೂರನೆಯದು '2 ಎಷ್ಟು', ನಾಲ್ಕನೆಯದು '3 ಎಷ್ಟು'. ನೋಡಿ: ಎರಡು ಸೊನ್ನೆ, 1 ಇಲ್ಲ, ಎರಡು 2, 3 ಇಲ್ಲ. ನಾಲ್ಕಂಕಿಯಲ್ಲಿ ಇಂಥ ಇನ್ನೊಂದು ಸಂಖ್ಯೆ 1210. ಆ ಇಸವಿಯಲ್ಲಿ ನಮ್ಮಲ್ಲಿ ಹೊಯ್ಸಳ ವೀರಬಲ್ಲಾಳನ ಆಳ್ವಿಕೆ. ಆದರೆ ಆಗ ಇಲ್ಲಿ ಎಣಿಸುತ್ತಿದ್ದದ್ದು ಶಕವರ್ಷ, 1210 ಎಂದು ಯಾರೂ ಬರೆದಿರಲಾರರು. ಕ್ರಿಸ್ತಶಕದವರು ಮುಂದಿನ ಆತ್ಮಕಥೆಯ ವರ್ಷಕ್ಕೆ 21200ರವರೆಗೆ ಕಾಯಬೇಕು. ಶಕ ಲೆಕ್ಕ ಹಿಡಿದವರಿಗೆ ಅದೃಷ್ಟವಿದೆ: ಶಕ 2020 ಬರುವುದು 2098ರಲ್ಲಿ. ಇಂದಿನ ಮಕ್ಕಳು ಅದನ್ನು ನೋಡಬಹುದು.

ಹತ್ತಂಕಿಯ ಆತ್ಮಕಥೆಯನ್ನು ಹುಡುಕುವುದು ಒಳ್ಳೆಯ ಕಸರತ್ತು. ಇಲ್ಲಿ ಬಾಯಿಬಿಟ್ಟರೆ ಸಿಕ್ಕಿಬೀಳುವ ಫಜೀತಿ. ನೀವು ಬರೆದ ಪ್ರತಿ ಅಂಕಿಯೂ ಎಣಿಕೆಯನ್ನು ಕೆಡಿಸುತ್ತದೆ. 9000000000 ಎಂದು ಶುರುಮಾಡಿ. ಒಂಬತ್ತು ಸೊನ್ನೆ, ನಿಜ. ಆದರೆ ಒಂದು 9 ಇದೆಯಲ್ಲ, ಅದನ್ನು ಕೊನೆಯ ಮನೆಯಲ್ಲಿ ಹೇಳಬೇಕು. ಹೇಳಿದೊಡನೆ ಸೊನ್ನೆ ಎಂಟಕ್ಕಿಳಿಯಿತು. ಸರಿ, ಮುಂದೆ 8 ಹಾಕಿ, ಆ 8ರ ಗುರುತನ್ನು ಅದರ ಮನೆಗೆ ಸರಿಸಿ: 8000000010. ಈಗ ಒಂದು 1 ಬಂತು, ಅದನ್ನೂ ಹೇಳಬೇಕು: 8100000010. ಹೇಳಿದ್ದರಿಂದ 1 ಎರಡಾಯಿತು: 8200000010. ಈಗ ಒಂದು 2 ಬಂತು: 8210000010. 1ರ ಲೆಕ್ಕ ಸರಿಯಿದೆ, 2ರ ಲೆಕ್ಕ ಸರಿಯಿದೆ, ಸೊನ್ನೆ ಮಾತ್ರ ಆರು. ಮುಂದಿನ 8ನ್ನು 6 ಮಾಡಿ ಗುರುತನ್ನು 6ರ ಮನೆಗೆ ಸರಿಸಿದರೆ 6210001000. ಎಣಿಸಿ ನೋಡಿ, ಎಲ್ಲ ತಾಳೆ. ಹತ್ತಂಕಿಗೆ ಇದೊಂದೇ ಉತ್ತರ. ಇನ್ನುಳಿದವು 3211000, 42101000, 521001000. ಮೇಲಿನ 1210, 2020, 21200 ಸೇರಿ ಒಟ್ಟು ಏಳು. ಆರಂಕಿಯಲ್ಲಿ ಒಂದೂ ಇಲ್ಲ.

ಇದನ್ನೇ ವಾಕ್ಯವಾಗಿಸಿದವರು ಬರ್ಕ್ಲಿಯ ತರ್ಕಶಾಸ್ತ್ರಜ್ಞ ರಫಾಯೆಲ್ ರಾಬಿನ್ಸನ್. ಡಗ್ಲಸ್ ಹಾಫ್‌ಸ್ಟಾಟರ್ ತಮ್ಮ ಅಂಕಣದಲ್ಲಿ ಅದನ್ನು ಪ್ರಸಿದ್ಧಗೊಳಿಸಿದರು. ಕನ್ನಡದಲ್ಲೂ ಅದು ಹಾಗೇ ನಡೆಯುತ್ತದೆ: 'ಈ ವಾಕ್ಯದಲ್ಲಿ 0 ಬರುವುದು ಇಷ್ಟು ಸಲ, 1 ಬರುವುದು ಇಷ್ಟು ಸಲ' ಎಂದು 9ರವರೆಗೆ ಬರೆದು, 'ಇಷ್ಟು' ಇರುವ ಕಡೆಯೆಲ್ಲ ಅಂಕಿ ತುಂಬಿ ವಾಕ್ಯವನ್ನು ನಿಜವಾಗಿಸಬೇಕು. ತಲೆ ಕೆಡಿಸಿಕೊಳ್ಳದ ಉಪಾಯವೊಂದಿದೆ. ಎಲ್ಲ ಕಡೆ 1 ಎಂದು ಸುಳ್ಳೇ ತುಂಬಿ, ನಿಜವಾಗಿ ಎಷ್ಟಿದೆ ಎಂದು ಎಣಿಸಿ ತಿದ್ದಿ. 1 ಬರುವುದು 11 ಸಲ ಎಂದಾಗುತ್ತದೆ. ಮತ್ತೆ ಎಣಿಸಿದರೆ 12. ಮತ್ತೆ ಎಣಿಸಿದರೆ 1 ಬರುವುದು 11 ಸಲ, 2 ಬರುವುದು 2 ಸಲ, ಉಳಿದೆಲ್ಲ ಒಂದೊಂದು ಸಲ. ಇನ್ನೊಮ್ಮೆ ಎಣಿಸಿ, ಏನೂ ಬದಲಾಗುವುದಿಲ್ಲ. ವಾಕ್ಯ ನಿಜವಾಯಿತು! ಇನ್ನೊಂದು ಪರಿಹಾರವೂ ಇದೆ: 1 ಬರುವುದು 7 ಸಲ, 2 ಬರುವುದು 3 ಸಲ, 3 ಮತ್ತು 7 ಎರಡೆರಡು ಸಲ, ಉಳಿದವು ಒಂದೊಂದು ಸಲ. ಮೂರನೆಯದಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಗೆಹರಿದ ಕಥೆ. ಬಗೆಹರಿಯದ್ದು ನೋಡಲು ಇನ್ನೂ ಸರಳ. ಬರೀ 1 ಮತ್ತು 2 ಬಳಸುವ ಒಂದು ಶ್ರೇಣಿ: 1, 2, 2, 1, 1, 2, 1, 2, 2, 1, 2, 2, 1, 1, 2, 1, 1, 2, 2... ಇದನ್ನು ಗುಂಪುಗಳಾಗಿ ಓದಿ: 1, 22, 11, 2, 1, 22, 1, 22, 11. ಗುಂಪುಗಳ ಉದ್ದ ಎಷ್ಟೆಷ್ಟು? 1, 2, 2, 1, 1, 2, 1, 2, 2. ಅದೇ ಶ್ರೇಣಿ ಮತ್ತೆ ಬಂತು! ಛಂದಸ್ಸು ಬಲ್ಲವರು ಇದನ್ನು ಲಘು ಗುರುಗಳಲ್ಲಿ ಬರೆಯಬಹುದು, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅದು ಎಂದೂ ಪುನರಾವರ್ತನೆಗೆ ಸಿಗದ, ಯಾವ ಗಣಕ್ಕೂ ಒಗ್ಗದ ಪದ್ಯವಾದೀತು. 1965ರಲ್ಲಿ 'ಅಮೆರಿಕನ್ ಮ್ಯಾಥಮೆಟಿಕಲ್ ಮಂತ್ಲಿ'ಯಲ್ಲಿ ಇದನ್ನು ಪ್ರಶ್ನೆಯಾಗಿ ಕಳಿಸಿದವರು ವಿಲಿಯಂ ಕೊಲಕೋಸ್ಕಿ ಎಂಬ ಚಿತ್ರ ಕಲಾವಿದ. ರೂಫಸ್ ಓಲ್ಡನ್‌ಬರ್ಗರ್ 1939ರಲ್ಲೇ ಇದನ್ನು ಕಂಡಿದ್ದರು, ಹೆಸರು ಮಾತ್ರ ಕೊಲಕೋಸ್ಕಿಗೆ ಹೋಯಿತು.

ಈ ಶ್ರೇಣಿಯಲ್ಲಿ 1 ಮತ್ತು 2 ಸಮಸಮವಾಗಿ ಬರುತ್ತವೆಯೇ? ಪ್ರಶ್ನೆ ಇಷ್ಟೇ. ಕಂಪ್ಯೂಟರಿನಲ್ಲಿ ಎಷ್ಟು ದೂರ ಹೋದರೂ ಅರ್ಧ-ಅರ್ಧ ಎಂದೇ ಕಾಣುತ್ತದೆ. ಸಾಧಿಸಿದವರು ಯಾರೂ ಇಲ್ಲ. 1993ರಲ್ಲಿ ವಾಶೆಕ್ ಖ್ವಾತಲ್ 1ರ ಪಾಲು 0.49916 ಮತ್ತು 0.50084ರ ನಡುವೆ ಇರಲೇಬೇಕು ಎಂದು ತೋರಿಸಿದರು. ಅಲ್ಲಿಂದ ಸರಿಯಾಗಿ ಅರ್ಧಕ್ಕೆ ದಾಟಲು ಸೇತುವೆಯಿಲ್ಲ. ಪಾಲು ಒಂದು ನಿಶ್ಚಿತ ಬೆಲೆಗೆ ಬಂದು ನಿಲ್ಲುತ್ತದೆ ಎಂಬುದೂ ಸಿದ್ಧವಾಗಿಲ್ಲ. ಇದರ ದಾಯಾದಿಯೊಂದನ್ನು ಸಾಲಮನ್ ಗಾಲಂಬ್ ಕೊಟ್ಟರು: 1, 2, 2, 3, 3, 4, 4, 4, 5, 5, 5... ಇಲ್ಲಿ ಯಾವ ಸಂಖ್ಯೆ ಎಷ್ಟು ಸಲ ಬರಬೇಕು ಎಂಬುದನ್ನು ಆ ಸ್ಥಾನದ ಪದವೇ ಹೇಳುತ್ತದೆ. ಅದರ ಬೆಳವಣಿಗೆ ಮಾತ್ರ ಸುವರ್ಣ ಅನುಪಾತದ ಹಿಡಿತಕ್ಕೆ ಸಿಕ್ಕಿ ತಿಳಿಯಾಗಿದೆ. ಎರಡು ನಿಯಮಗಳೂ ಅಣ್ಣತಮ್ಮಂದಿರಂತಿವೆ. ಒಂದು ಬಾಯಿಬಿಟ್ಟಿತು, ಇನ್ನೊಂದು ಬಿಡಲಿಲ್ಲ. ಹಾರ್ಡಿ ಕೊಲಕೋಸ್ಕಿ ಶ್ರೇಣಿಯನ್ನು ನೋಡಿದ್ದರೆ ಪದಬಂಧದ ಪಕ್ಕಕ್ಕೆ ಕಳಿಸುತ್ತಿದ್ದರೆ? ನನಗೆ ಅನುಮಾನ.

ಇಂಥವನ್ನೆಲ್ಲ ಒಂದೆಡೆ ಕಾಪಿಟ್ಟವರು ನೀಲ್ ಸ್ಲೋನ್. 1964ರಲ್ಲಿ ಕಾರ್ನೆಲ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಶ್ರೇಣಿಗಳನ್ನು ಕೂಡಿಡಲು ಶುರುಮಾಡಿದರು. 1973ರಲ್ಲಿ ಅದು ಪುಸ್ತಕವಾಯಿತು, 1996ರಿಂದ ಅಂತರಜಾಲದ ವಿಶ್ವಕೋಶ. ಈಗ ಅಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಶ್ರೇಣಿಗಳಿವೆ, ಪ್ರತಿಯೊಂದಕ್ಕೂ ಒಂದು ನಂಬರು. ಕೊಲಕೋಸ್ಕಿ ಶ್ರೇಣಿಗೆ ಸಿಕ್ಕಿರುವ ನಂಬರು ಎ000002, ಇಡೀ ಪಟ್ಟಿಯಲ್ಲಿ ಎರಡನೆಯದು.

ನಂಬರು ಕೊಟ್ಟ ಮೇಲೆ ಕುಚೋದ್ಯವೂ ಹುಟ್ಟಲೇಬೇಕಲ್ಲ. ಎ053873 ಎಂಬ ಶ್ರೇಣಿಯ ನಿಯಮ ಹೀಗಿದೆ: ಯಾವ ಸಂಖ್ಯೆ ತನ್ನದೇ ನಂಬರಿನ ಶ್ರೇಣಿಯಲ್ಲಿ ಕಾಣಿಸಿಕೊಳ್ಳುತ್ತದೋ ಆ ಸಂಖ್ಯೆಗಳೆಲ್ಲ ಇಲ್ಲಿ ಸೇರಬೇಕು. ಎ000002ರಲ್ಲಿ 2 ಇದೆ, ಹಾಗಾಗಿ 2 ಸೇರುತ್ತದೆ. 53873 ಸೇರುತ್ತದೆಯೇ? ಸೇರಿಸಿದರೆ ನಿಯಮದಂತೆ ಸರಿ, ಬಿಟ್ಟರೂ ನಿಯಮದಂತೆ ಸರಿ. ಅದರ ಜೊತೆಗಾರ ಎ053169ರ ನಿಯಮ ತಿರುಗುಮುರುಗು: ತನ್ನ ನಂಬರಿನ ಶ್ರೇಣಿಯಲ್ಲಿ ಇಲ್ಲದ ಸಂಖ್ಯೆಗಳಿಗೆ ಮಾತ್ರ ಪ್ರವೇಶ. ಇಲ್ಲಿ 53169 ಸೇರಿದರೆ, ಅದು ತನ್ನ ಶ್ರೇಣಿಯಲ್ಲಿ ಇದೆ ಎಂದಾಯಿತು, ಆದ್ದರಿಂದ ಸೇರಬಾರದು. ಬಿಟ್ಟರೆ, ಅದು ತನ್ನ ಶ್ರೇಣಿಯಲ್ಲಿ ಇಲ್ಲ ಎಂದಾಯಿತು, ಆದ್ದರಿಂದ ಸೇರಲೇಬೇಕು.

1901ರಲ್ಲಿ ಬರ್ಟ್ರಂಡ್ ರಸೆಲ್ ಗಣಗಳ ಬಗ್ಗೆ ಕಂಡುಕೊಂಡ ವಿರೋಧಾಭಾಸವೂ ಇದೇ ಬಗೆಯದು. ಮರುವರ್ಷ ಅವರು ಅದನ್ನು ಗಾಟ್‌ಲೋಬ್ ಫ್ರೆಗೆಗೆ ಪತ್ರದಲ್ಲಿ ತಿಳಿಸಿದಾಗ ಫ್ರೆಗೆಯ ಮಹಾಗ್ರಂಥದ ಎರಡನೆಯ ಸಂಪುಟ ಅಚ್ಚಿನಲ್ಲಿತ್ತು. ಅಡಿಪಾಯ ಕುಸಿದಿದೆ ಎಂದು ಅವರು ಅನುಬಂಧ ಸೇರಿಸಬೇಕಾಯಿತು. ಸ್ಲೋನ್ ಅವರ ವಿಶ್ವಕೋಶಕ್ಕೆ ಅಂಥ ಪೆಟ್ಟೇನೂ ಬಿದ್ದಿಲ್ಲ. ಪೇಚಿಗೆ ಸಿಕ್ಕಿರುವುದು 53169 ಎಂಬ ಒಂದೇ ಸಂಖ್ಯೆ. ಅದರಾಚೆಗಿನವುಗಳ ಲೆಕ್ಕ ಎಂದಿನಂತೆ ನಡೆಯುತ್ತಿದೆ.